ಬಾಗಿಲು ಮುಚ್ಚಿದರೂ ಬಯಲಾಗಿರುವ ಬದುಕು

ನನ್ನ ಪರಿಚಿತರೊಬ್ಬರು ಸರಕಾರಿ ಸೇವೆಯಿಂದ ನಿವೃತ್ತರಾಗಿ ಮುಂಬಯಿಯ ಪಶ್ಚಿಮ ಉಪನಗರವೊಂದರಲ್ಲಿ ಪತ್ನಿಯೊಡನೆ ನೆಲೆಸಿದ್ದಾರೆ. ಮಗ ಪುಣೆಯಲ್ಲಿ, ಮಗಳು ವಿದೇಶದಲ್ಲಿ. ಒಂದು ಮಧ್ಯಾಹ್ನ ಊಟ ಮುಗಿಸಿ ವಿಶ್ರಮಿಸುತ್ತಿದ್ದಾಗ ಅವರಿಗೆ ಕರೆಯೊಂದು ಬಂತು. ಕರೆ ಮಾಡಿದಾತ ಪೊಲೀಸ್ ಅಧಿಕಾರಿಯೆಂದು ಪರಿಚಯಿಸಿಕೊಂಡು ಇವರ ಪೂರ್ಣ ಹೆಸರು, ತಂದೆಯ ಹೆಸರು, ಕಟ್ಟಡದ ಹೆಸರು, ಮನೆಯ ಸಂಖ್ಯೆ ಎಲ್ಲವನ್ನೂ ತಪ್ಪಿಲ್ಲದೆ ಹೇಳಿದ. ಪತ್ನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ತಿಂಗಳು ಕೂಡ ಆತನಿಗೆ ಗೊತ್ತಿತ್ತು. ಮಗಳು ಯಾವ ದೇಶದಲ್ಲಿದ್ದಾಳೆಂಬುದೂ ಗೊತ್ತಿತ್ತು. ಮಗಳಿಗೆ ನೀವು ಕಳುಹಿಸಿದ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮನ್ನು 'ಡಿಜಿಟಲ್ ಅರೆಸ್ಟ್' ಮಾಡಲಾಗಿದೆ, ವೀಡಿಯೋ ಕರೆಯನ್ನು ಕಡಿಯಕೂಡದು, ಯಾರಿಗೂ ತಿಳಿಸಕೂಡದು ಎಂದು ಆತ ಆಜ್ಞಾಪಿಸಿದ.

ಮೂರು ತಾಸುಗಳ ಕಾಲ ಆ ವೃದ್ಧ ದಂಪತಿ ತಮ್ಮದೇ ಮನೆಯಲ್ಲಿ, ತಾವೇ ಚಿಲಕ ಹಾಕಿದ ಬಾಗಿಲಿನ ಹಿಂದೆ ಬಂದಿಗಳಾಗಿ ಕುಳಿತಿದ್ದರು. ಅವರನ್ನು ಪಾರುಮಾಡಿದ್ದು ಪಕ್ಕದ ಮನೆಯ ಗೃಹಿಣಿ. ಹಿಂದಿನ ದಿನ ಕೊಂಡೊಯ್ದಿದ್ದ ಪಾತ್ರೆಯನ್ನು ಹಿಂದಿರುಗಿಸಲು ಬಂದ ಆಕೆ ಎಷ್ಟು ಕರೆಗಂಟೆ ಒತ್ತಿದರೂ ಬಾಗಿಲು ತೆರೆಯದಿರಲು ಗಾಬರಿಗೊಂಡು ಕಾವಲುಗಾರನನ್ನು ಕರೆದರು. ಬಾಗಿಲು ತೆರೆಯಿತು, ಕರೆ ಕಡಿಯಿತು. ಹಣ ಹೋಗಲಿಲ್ಲ. ಆದರೆ ಆ ಹಿರಿಯರು ಬಳಿಕ ನನ್ನೊಡನೆ ಆಡಿದ ಮಾತು ಈ ಲೇಖನಕ್ಕೆ ಕಾರಣವಾಯಿತು: "ಹಣ ಉಳಿಯಿತು, ನಿಜ. ಆದರೆ ನನ್ನ ಮನೆಯೊಳಗೆ ಯಾರೋ ಬಹಳ ದಿನಗಳಿಂದ ಕುಳಿತು ಎಲ್ಲವನ್ನೂ ನೋಡುತ್ತಿದ್ದರು ಎಂಬುದು ಅಂದು ತಿಳಿಯಿತು. ಈಗ ನನಗೆ ನನ್ನ ಮನೆಯೇ ಮನೆಯೆನಿಸುವುದಿಲ್ಲ."

ಇಂತಹ ವಂಚನೆ ಅಪರೂಪದ್ದೇನೂ ಅಲ್ಲ. 2024ರ ಅಕ್ಟೋಬರ್ ತಿಂಗಳ 'ಮನ್ ಕೀ ಬಾತ್' ಕಾರ್ಯಕ್ರಮದಲ್ಲಿ ಪ್ರಧಾನಿಯವರು ಇದೇ ವಿಷಯವನ್ನೆತ್ತಿಕೊಂಡು, ವಿಜಯಪುರದ ವ್ಯಕ್ತಿಯೊಬ್ಬರಿಗೆ ಬಂದ ಇಂತಹ ಕರೆಯ ಧ್ವನಿಮುದ್ರಣವನ್ನೇ ದೇಶಕ್ಕೆ ಕೇಳಿಸಿದ್ದರು. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲವೆಂದು ಸ್ಪಷ್ಟಪಡಿಸಿದ್ದರು. ವಂಚಕರ ವಿಷಯ ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. ನಾವು ಇಲ್ಲಿ ಕೇಳಬೇಕಾದ ಪ್ರಶ್ನೆ ಅದಕ್ಕಿಂತ ಹಿಂದಿನದು. ಅಪರಿಚಿತನೊಬ್ಬನಿಗೆ ನಮ್ಮ ಮನೆಯ ಇಷ್ಟೊಂದು ವಿಷಯ ತಿಳಿದುದಾದರೂ ಹೇಗೆ? ಮತ್ತು ಅದು ತಿಳಿಯದಂತೆ ಕಾಯುವ ಹೊಣೆ ಯಾರದು?

ಚಾಳಿನ ಗೋಡೆ, ಇಂದಿನ ಗೋಡೆ

ಖಾಸಗಿತನದ ಮಾತೆತ್ತಿದೊಡನೆ ನಮ್ಮಲ್ಲಿ ಹಲವರು ನಗುತ್ತಾರೆ. "ನಮಗೆಲ್ಲಿತ್ತು ಖಾಸಗಿತನ? ಊರಿನ ಕೂಡುಕುಟುಂಬದಲ್ಲಿ ಇಪ್ಪತ್ತು ಮಂದಿ ಒಂದೇ ಸೂರಿನಡಿ ಮಲಗುತ್ತಿದ್ದೆವು. ಮುಂಬಯಿಗೆ ಬಂದ ಮೇಲೆ ಚಾಳಿನ ಒಂದೇ ಖೋಲಿಯಲ್ಲಿ ಎಂಟು ಮಂದಿ ಬಾಳಿದೆವು. ಇದು ಪಾಶ್ಚಾತ್ಯರ ಸೊಗಸು" ಎಂಬುದು ಅವರ ವಾದ. ಈ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. 'ಖಾಸಗಿ' ಎಂಬ ಪದವೇ ನಮಗೆ ಹೊರಗಿನಿಂದ ಬಂದದ್ದು. ನಮ್ಮಲ್ಲಿದ್ದ ಪದಗಳು ಏಕಾಂತ, ಗುಟ್ಟು, ಮಾನ, ಮರ್ಯಾದೆ ಎಂಬವು. ಅವುಗಳಲ್ಲಿ ಒಂದೂ ಇಂದಿನ ಅರ್ಥವನ್ನು ಪೂರ್ತಿಯಾಗಿ ಕೊಡುವುದಿಲ್ಲ.

ಚಾಳಿನ ಬದುಕನ್ನು ಕಂಡವರು ನೆನಪಿಸಿಕೊಳ್ಳಲಿ. ಸಾರ್ವಜನಿಕ ನಳ್ಳಿಯ ಸರದಿಯಲ್ಲಿ ನಿಂತಾಗಲೇ ಯಾರ ಮನೆಗೆ ಊರಿನಿಂದ ನೆಂಟರು ಬಂದಿದ್ದಾರೆ, ಯಾರ ಮನೆಯಲ್ಲಿ ರಾತ್ರಿ ಜಗಳವಾಯಿತು, ಯಾವ ಹುಡುಗ ಮೆಟ್ರಿಕ್‌ನಲ್ಲಿ ನಪಾಸಾದ ಎಂಬುದೆಲ್ಲ ಗ್ಯಾಲರಿಯ ಈ ತುದಿಯಿಂದ ಆ ತುದಿಗೆ ತಲುಪುತ್ತಿತ್ತು. ಊರಿನಿಂದ ಬಂದ ಅಂಚೆ ಕಾಗದವನ್ನು ಓದಲು ಬಾರದ ತಾಯಂದಿರು ನೆರೆಮನೆಯ ಹುಡುಗನಿಂದಲೇ ಓದಿಸಿಕೊಳ್ಳುತ್ತಿದ್ದರು. ಗುಟ್ಟೆಂಬುದಕ್ಕೆ ಅಲ್ಲಿ ಎಡೆಯೇ ಇರಲಿಲ್ಲವೆಂದರೂ ಸಲ್ಲುತ್ತದೆ.

ಆದರೆ ಆ ಬಯಲಿಗೂ ಇಂದಿನ ಬಯಲಿಗೂ ಮೂರು ವ್ಯತ್ಯಾಸಗಳಿವೆ. ಮೊದಲನೆಯದಾಗಿ, ಅಲ್ಲಿ ತಿಳಿವಳಿಕೆ ಪರಸ್ಪರವಾಗಿತ್ತು. ನನ್ನ ಮನೆಯ ವಿಷಯ ನೆರೆಯವರಿಗೆ ಗೊತ್ತಿದ್ದಂತೆ ಅವರ ಮನೆಯ ವಿಷಯ ನನಗೆ ಗೊತ್ತಿತ್ತು. ಆದುದರಿಂದ ಇಬ್ಬರಿಗೂ ಒಂದು ಸಂಕೋಚ, ಒಂದು ಜವಾಬ್ದಾರಿ ಇತ್ತು. ಎರಡನೆಯದಾಗಿ, ಅದು ಆ ಚಾಳನ್ನು ದಾಟಿ ಹೋಗುತ್ತಿರಲಿಲ್ಲ. ಪರೇಲಿನ ಮಾತು ಪರೇಲಿನಲ್ಲೇ ಉಳಿಯುತ್ತಿತ್ತು. ಫೋರ್ಟಿನ ಕಚೇರಿಗೆ ಬರುತ್ತಿರಲಿಲ್ಲ. ಮೂರನೆಯದಾಗಿ, ಜನ ಮರೆಯುತ್ತಿದ್ದರು. ನಪಾಸಾದ ಹುಡುಗ ರಾತ್ರಿಶಾಲೆಗೆ ಹೋಗಿ ಕಲಿತು ಹೊಟೇಲಿನ ಮಾಲಕನಾದಾಗ ಹಳೆಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಮರೆವು ಆ ಬದುಕಿನ ದೊಡ್ಡ ಔದಾರ್ಯವಾಗಿತ್ತು.

ಇಂದು ಈ ಮೂರೂ ಇಲ್ಲ. ನಮ್ಮನ್ನು ತಿಳಿದವರನ್ನು ನಾವು ತಿಳಿಯೆವು. ನಮ್ಮ ವಿವರ ಯಾವ ಊರಿನ ಯಾವ ಗಣಕದಲ್ಲಿ ಕುಳಿತಿದೆಯೆಂಬುದು ಗೊತ್ತಿಲ್ಲ. ಮತ್ತು ಯಂತ್ರಕ್ಕೆ ಮರೆವಿಲ್ಲ. ಮೇಲಿನ ಘಟನೆಯನ್ನೇ ನೋಡಿರಿ: ಸಾವಿರ ಮೈಲಿ ದೂರದ ಖದೀಮನಿಗೆ ಆ ಮನೆಯ ಶಸ್ತ್ರಚಿಕಿತ್ಸೆಯ ತಿಂಗಳು ಗೊತ್ತಿತ್ತು, ಅದೇ ಮಹಡಿಯ ಇತರ ಮೂರು ಮನೆಯವರಿಗೆ ಆ ದಂಪತಿ ಇಬ್ಬರೇ ಇರುತ್ತಾರೆಂಬುದೂ ಸರಿಯಾಗಿ ಗೊತ್ತಿರಲಿಲ್ಲ. ಅರಿಯಬೇಕಾದವರಿಗೆ ನಾವು ಅಪರಿಚಿತರಾಗಿದ್ದೇವೆ, ಅರಿಯಬಾರದವರಿಗೆ ಸುಪರಿಚಿತರಾಗಿದ್ದೇವೆ. ಇಂದಿನ ಸಮಾಜದಲ್ಲಿ ಖಾಸಗಿತನದ ನಾಶವೆಂದರೆ ಮುಖ್ಯವಾಗಿ ಇದೇ ತಿರುವುಮುರುವು.

ಅರುವತ್ತು ವರ್ಷಗಳ ನ್ಯಾಯಯಾತ್ರೆ

ನಮ್ಮ ಸಂವಿಧಾನದಲ್ಲಿ ಖಾಸಗಿತನದ ಹಕ್ಕು ಎಂಬ ಪದಪ್ರಯೋಗವಿಲ್ಲ. ಅದು ಮೂಲಭೂತ ಹಕ್ಕೇ ಅಲ್ಲವೇ ಎಂಬ ಪ್ರಶ್ನೆಗೆ ಉತ್ತರ ಸಿಗಲು ಆರು ದಶಕಗಳೇ ಹಿಡಿದವು. 1954ರಲ್ಲಿ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ 8 ನ್ಯಾಯಮೂರ್ತಿಗಳ ಪೀಠ ಅಂತಹ ಹಕ್ಕನ್ನು ಸಂವಿಧಾನದೊಳಕ್ಕೆ ತರಲು ಒಪ್ಪಲಿಲ್ಲ. 1962ರಲ್ಲಿ ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರ ಪ್ರಕರಣ ಬಂತು. ದರೋಡೆಯ ಆರೋಪದಿಂದ ಸಾಕ್ಷ್ಯವಿಲ್ಲದೆ ಬಿಡುಗಡೆಗೊಂಡಿದ್ದ ಅವರ ಮೇಲೆ ಪೊಲೀಸರು ನಿಗಾ ಇಟ್ಟು ರಾತ್ರಿಯ ವೇಳೆ ಬಾಗಿಲು ತಟ್ಟಿ ಎಬ್ಬಿಸುತ್ತಿದ್ದರು. ರಾತ್ರಿ ಮನೆಗೆ ನುಗ್ಗುವುದು ತಪ್ಪೆಂದು ನ್ಯಾಯಾಲಯ ಹೇಳಿತು. ಆದರೆ ಖಾಸಗಿತನ ಸಂವಿಧಾನ ಕೊಟ್ಟ ಹಕ್ಕಲ್ಲವೆಂದೂ ಹೇಳಿತು. ಭಿನ್ನ ತೀರ್ಪು ಬರೆದ ನ್ಯಾ. ಸುಬ್ಬರಾವ್ ಅವರು ಮಾತ್ರ ವ್ಯಕ್ತಿಸ್ವಾತಂತ್ರ್ಯದ ಅವಿಭಾಜ್ಯ ಅಂಗವೇ ಖಾಸಗಿತನವೆಂದು ಕಂಡಿದ್ದರು.

ಬಳಿಕ ದೂರವಾಣಿಯ ಕಾಲ ಬಂತು. ಕರ್ನಾಟಕದವರಿಗೆ ಈ ಅಧ್ಯಾಯ ಚೆನ್ನಾಗಿ ನೆನಪಿರಬೇಕು. 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಡಬೇಕಾಯಿತು. ಆಗ ಕೇವಲ ಕೆಲವು ಗಣ್ಯರ ಮಾತನ್ನು ಕದ್ದು ಕೇಳಿದ ಆರೋಪಕ್ಕೆ ಒಂದು ಸರಕಾರದ ನಾಯಕತ್ವವೇ ಬದಲಾಯಿತೆಂಬುದು ಇಂದಿನ ಪೀಳಿಗೆಗೆ ಅಚ್ಚರಿಯೆನಿಸಬಹುದು. 1996ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ದೂರವಾಣಿಯಲ್ಲಿ ಆಡುವ ಮಾತೂ ಖಾಸಗಿಯೇ ಎಂದು ಹೇಳಿ ಕದ್ದಾಲಿಕೆಗೆ ಕಟ್ಟುಪಾಡುಗಳನ್ನು ವಿಧಿಸಿತು. ಗಮನಿಸಬೇಕಾದುದೆಂದರೆ, ಅಂದಿನ ತನಕ ಈ ವಿಷಯದಲ್ಲಿ ಆಧಾರವಾಗಿದ್ದುದು 1885ರ ಬ್ರಿಟಿಷ್ ಕಾಲದ ತಂತಿ ಕಾಯಿದೆ.

ನಿರ್ಣಾಯಕ ತಿರುವು ಬಂದುದು ಕನ್ನಡಿಗರೊಬ್ಬರಿಂದ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ತಮ್ಮ 86ರ ಆಸುಪಾಸಿನ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಸಂಸತ್ತಿನ ಕಾಯಿದೆಯ ಬೆಂಬಲವೇ ಇಲ್ಲದೆ ಜನರ ಬೆರಳಚ್ಚು ಮತ್ತು ಕಣ್ಪಾಪೆಯ ಗುರುತನ್ನು ಸಂಗ್ರಹಿಸುವುದು ಸರಿಯೇ ಎಂಬುದು ಅವರ ಪ್ರಶ್ನೆ. ವಿಚಾರಣೆಯ ನಡುವೆ 2015ರಲ್ಲಿ ಕೇಂದ್ರ ಸರಕಾರವು 1954 ಮತ್ತು 1962ರ ತೀರ್ಪುಗಳನ್ನು ಮುಂದಿಟ್ಟು, ಖಾಸಗಿತನವೆಂಬುದು ಮೂಲಭೂತ ಹಕ್ಕೇ ಅಲ್ಲವೆಂದು ವಾದಿಸಿತು. ಇದನ್ನು ಇತ್ಯರ್ಥಪಡಿಸಲು 9 ನ್ಯಾಯಮೂರ್ತಿಗಳ ಪೀಠ ರಚನೆಯಾಗಬೇಕಾಯಿತು. 2017ರ ಆಗಸ್ಟ್ 24ರಂದು ಆ ಪೀಠ ಒಮ್ಮತದಿಂದ, ಖಾಸಗಿತನವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲೇ ಅಡಗಿದೆಯೆಂದು ಸಾರಿತು. ಆ ಒಂಬತ್ತು ಮಂದಿಯಲ್ಲಿ ದಕ್ಷಿಣ ಕನ್ನಡದವರಾದ ನ್ಯಾ. ಎಸ್. ಅಬ್ದುಲ್ ನಜೀರ್ ಅವರೂ ಇದ್ದರು. ಮುಖ್ಯ ಅಭಿಪ್ರಾಯ ಬರೆದ ನ್ಯಾ. ಡಿ.ವೈ. ಚಂದ್ರಚೂಡ್ ಅವರು, ತುರ್ತು ಪರಿಸ್ಥಿತಿಯ 1976ರ ತೀರ್ಪಿನಲ್ಲಿ ತಮ್ಮ ತಂದೆಯೇ ತಳೆದಿದ್ದ ನಿಲುವನ್ನು ತಪ್ಪೆಂದು ಇದೇ ತೀರ್ಪಿನಲ್ಲಿ ದಾಖಲಿಸಿದರು.

ಮುಂದಿನ ವರ್ಷ, 2018ರ ಸೆಪ್ಟೆಂಬರ್ 26ರಂದು, ಆಧಾರ್ ಯೋಜನೆಯ ಕುರಿತು ತೀರ್ಪು ಬಂದಾಗ ನಾಲ್ವರು ನ್ಯಾಯಮೂರ್ತಿಗಳು ಯೋಜನೆಯನ್ನು ಎತ್ತಿಹಿಡಿದರು. ಚಂದ್ರಚೂಡ್ ಅವರೊಬ್ಬರು ಭಿನ್ನಮತ ಬರೆದರು. ಸರಕಾರದ ನೆರವು ಪಡೆಯಲು ಮತ್ತು ಆದಾಯ ತೆರಿಗೆಯ ಪ್ಯಾನ್ ಸಂಖ್ಯೆಗೆ ಆಧಾರ್ ಬೇಕು. ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್‌ಗೆ, ಶಾಲೆಯ ಪ್ರವೇಶಕ್ಕೆ ಕಡ್ಡಾಯ ಮಾಡುವಂತಿಲ್ಲ ಎಂಬುದು ಆ ತೀರ್ಪಿನ ಸಾರ. 2024ರ ಅಕ್ಟೋಬರ್‌ನಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ಪುಟ್ಟಸ್ವಾಮಿಯವರು ಬೆಂಗಳೂರಿನಲ್ಲಿ ನಿಧನ ಹೊಂದಿದರು. ಅವರ ಹೆಸರಿನ ತೀರ್ಪನ್ನು ಇಂದು ದೇಶದ ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿಯೂ ಓದುತ್ತಾನೆ.

ಕಾಯಿದೆ ಬಂತು, ಕಾವಲು ಬಂತೇ?

ಹಕ್ಕನ್ನು ಸಾರಿದರೆ ಸಾಲದು, ಅದನ್ನು ಕಾಯಲು ಕಾಯಿದೆ ಬೇಕು. ಬೆಂಗಳೂರಿನಲ್ಲಿ ಜನಿಸಿ ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾಗಿ, ಇಲ್ಲಿನ ಗಲಭೆಗಳ ತನಿಖಾ ಆಯೋಗದ ಮೂಲಕ ಮುಂಬಯಿಗರಿಗೆ ಚಿರಪರಿಚಿತರಾದ ನ್ಯಾ. ಬಿ.ಎನ್. ಶ್ರೀಕೃಷ್ಣ ಅವರ ಸಮಿತಿ 2018ರ ಜುಲೈಯಲ್ಲಿ ಮಸೂದೆಯ ಕರಡನ್ನು ಕೊಟ್ಟಿತು. 2019ರಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ಮಸೂದೆ ಜಂಟಿ ಸಮಿತಿಯ ಪರಿಶೀಲನೆಗೆ ಹೋಗಿ 2022ರಲ್ಲಿ ಹಿಂತೆಗೆದುಕೊಳ್ಳಲ್ಪಟ್ಟಿತು. ಕೊನೆಗೆ 2023ರ ಆಗಸ್ಟ್‌ನಲ್ಲಿ 'ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯಿದೆ' ಅಂಗೀಕಾರವಾಯಿತು. ಅದರ ನಿಯಮಗಳು ಹೊರಬಿದ್ದುದು 2025ರ ನವೆಂಬರ್‌ನಲ್ಲಿ. ಸಂಸ್ಥೆಗಳ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಅವಧಿ ಕೊಡಲಾಗಿದೆ. ಅಂದರೆ 2017ರ ತೀರ್ಪಿನಿಂದ ಎಣಿಸಿದರೆ ಸಾಮಾನ್ಯ ನಾಗರಿಕನಿಗೆ ರಕ್ಷಣೆ ಪೂರ್ಣವಾಗಿ ಕೈಗೆ ಸಿಗುವ ಹೊತ್ತಿಗೆ ಒಂಬತ್ತು ವರ್ಷಗಳಿಗೂ ಮೀರಿದ ಕಾಲ ಸಂದಿರುತ್ತದೆ.

ಕಾಯಿದೆಯಲ್ಲಿ ಒಳ್ಳೆಯ ಅಂಶಗಳಿಲ್ಲವೆಂದಲ್ಲ. ಮಾಹಿತಿಯನ್ನು ಯಾವ ಉದ್ದೇಶಕ್ಕಾಗಿ ಪಡೆಯುತ್ತೇವೆಂದು ಸ್ಪಷ್ಟವಾಗಿ ತಿಳಿಸಿ ಸಮ್ಮತಿ ಪಡೆಯಬೇಕು. ಕೊಟ್ಟ ಸಮ್ಮತಿಯನ್ನು ನಾವು ಹಿಂದೆಗೆದುಕೊಳ್ಳಬಹುದು. ತಿದ್ದಲು, ಅಳಿಸಲು ಕೇಳಬಹುದು. ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ, ಅಂದರೆ ಕನ್ನಡದಲ್ಲೂ, ಸೂಚನೆಯನ್ನು ಓದಲು ಅವಕಾಶವಿರಬೇಕು. 18 ವರ್ಷದೊಳಗಿನ ಮಕ್ಕಳ ಮಾಹಿತಿಗೆ ಹೆತ್ತವರ ಸಮ್ಮತಿ ಬೇಕು. ಮಾಹಿತಿ ಸೋರದಂತೆ ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿಗಳ ತನಕ ದಂಡ ವಿಧಿಸಬಹುದು.

ಆದರೆ ಕೊರತೆಗಳೂ ಸಣ್ಣವಲ್ಲ. ದಂಡದ ಹಣ ಸೇರುವುದು ಸರಕಾರದ ಸಂಚಿತ ನಿಧಿಗೆ. ಮಾಹಿತಿ ಸೋರಿಕೆಯಿಂದ ನೊಂದವನಿಗೆ ಈ ಕಾಯಿದೆಯಲ್ಲಿ ಪರಿಹಾರವಿಲ್ಲ. ಪರಿಹಾರ ಕೇಳಲು ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿದ್ದ 43ಎ ಎಂಬ ಕಲಮು ಹೊಸ ಕಾಯಿದೆ ಪೂರ್ಣ ಜಾರಿಯಾದೊಡನೆ ರದ್ದಾಗುತ್ತದೆ. ಸರಕಾರ ತಾನು ಅಧಿಸೂಚಿಸುವ ತನ್ನ ಸಂಸ್ಥೆಗಳನ್ನು ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಮೊದಲಾದ ಕಾರಣಗಳಿಗಾಗಿ ಕಾಯಿದೆಯಿಂದಲೇ ಹೊರಗಿಡಬಹುದು. ಇನ್ನೊಂದು ವಿಪರ್ಯಾಸವಿದೆ: ಖಾಸಗಿತನದ ಹೆಸರಿನಲ್ಲಿಯೇ ಮಾಹಿತಿ ಹಕ್ಕು ಕಾಯಿದೆಯ ಒಂದು ಕಲಮನ್ನು ತಿದ್ದಲಾಗಿದೆ. ಸಾರ್ವಜನಿಕ ಹಿತವಿದ್ದರೆ ಅಧಿಕಾರಿಯ ವೈಯಕ್ತಿಕ ವಿವರವನ್ನೂ ಕೊಡಬೇಕೆಂದು ಅದೇ ಕಲಮಿನಲ್ಲಿದ್ದ ಮಾತನ್ನು ತೆಗೆದುಹಾಕಲಾಗಿದೆ. ಅದೇ ಕಾಯಿದೆಯ ಬೇರೊಂದು ಕಲಮಿನಲ್ಲಿ ಸಾರ್ವಜನಿಕ ಹಿತದ ಉಲ್ಲೇಖ ಉಳಿದಿದೆಯೆಂದು ಸರಕಾರ ಸಮಜಾಯಿಷಿ ನೀಡಿದೆ. ಆದರೂ ಆಳುವವರು ಮುಸುಕು ಹೊದ್ದುಕೊಂಡು ಆಳಿಸಿಕೊಳ್ಳುವವರು ಬಯಲಲ್ಲಿ ನಿಲ್ಲುವಂತಾದರೆ ಅದನ್ನು ಖಾಸಗಿತನವೆಂದು ಕರೆಯಲಾಗದು.

ಈ ವಿಷಯದಲ್ಲಿ ಸ್ವತಂತ್ರ ಭಾರತದ ಆರಂಭದ ಕಾಯಿದೆಯೊಂದು ನಮಗೆ ಮಾದರಿಯಾಗಿದೆ. 1948ರ ಜನಗಣತಿ ಕಾಯಿದೆಯ ಪ್ರಕಾರ ಗಣತಿದಾರನಿಗೆ ನಾವು ಕೊಡುವ ವಿವರ ಗೋಪ್ಯ. ಅದನ್ನು ಪರಿಶೀಲಿಸುವ ಹಕ್ಕು ಯಾರಿಗೂ ಇಲ್ಲ. ಸರಳ ಮಾತು, ಸ್ಪಷ್ಟ ಗೆರೆ. 2025ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗ 60 ಪ್ರಶ್ನೆಗಳ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ತೊಡಗಿದಾಗಲೂ ರಾಜ್ಯದ ಉಚ್ಚ ನ್ಯಾಯಾಲಯ ಸಮೀಕ್ಷೆಯನ್ನು ತಡೆಯಲಿಲ್ಲ. ಆದರೆ ವಿವರ ಕೊಡುವುದು ಐಚ್ಛಿಕವೆಂದು ಜನರಿಗೆ ತಿಳಿಸಬೇಕು ಮತ್ತು ಪಡೆದ ಮಾಹಿತಿಯನ್ನು ಗೋಪ್ಯವಾಗಿಡಬೇಕು ಎಂದು ಆದೇಶಿಸಿತು. ಕೇಳುವುದು ಸರಕಾರದ ಅಧಿಕಾರ, ಕೊಡದಿರುವುದು ಪ್ರಜೆಯ ಹಕ್ಕು ಎಂಬ ಈ ಸಮತೋಲನವೇ ಎಲ್ಲೆಡೆಯೂ ಬೇಕಾಗಿದೆ.

ಬಿಡಿ ಬಿಡಿಯಾಗಿ ಕೊಟ್ಟದ್ದು

ಇನ್ನು ನಮ್ಮ ಮನೆಯ ಕಡೆಗೆ ಬರೋಣ. ಸರಕಾರವನ್ನೂ ಕಂಪೆನಿಗಳನ್ನೂ ದೂರುವುದು ಸುಲಭ. ಆದರೆ ನಮ್ಮ ಬಹುಪಾಲು ವಿವರಗಳನ್ನು ಯಾರೂ ಕದ್ದೊಯ್ದಿಲ್ಲ, ನಾವೇ ಕೊಟ್ಟಿದ್ದೇವೆ.

ಬಟ್ಟೆಯಂಗಡಿಯಲ್ಲಿ ಬಿಲ್ಲಿನ ಮೊದಲು ಮೊಬೈಲ್ ಸಂಖ್ಯೆ ಕೇಳುತ್ತಾರೆ; ಹಿಂದೆ ನಿಂತ ನಾಲ್ವರಿಗೆ ಕೇಳಿಸುವಂತೆ ನಾವು ಹೇಳುತ್ತೇವೆ. ಸಂಖ್ಯೆ ಕೊಡದಿದ್ದರೆ ಬಿಲ್ಲು ಮಾಡಲಾಗದೆಂದು ಗ್ರಾಹಕರನ್ನು ಒತ್ತಾಯಿಸಕೂಡದೆಂದು ಕೇಂದ್ರದ ಗ್ರಾಹಕ ವ್ಯವಹಾರ ಸಚಿವಾಲಯ 2023ರ ಮೇ ತಿಂಗಳಲ್ಲೇ ವ್ಯಾಪಾರಿಗಳಿಗೆ ಸೂಚಿಸಿದೆ. ಅದನ್ನು ನೆನಪಿಸುವ ಗ್ರಾಹಕರು ವಿರಳ. ರೋಗಪರೀಕ್ಷೆಯ ಪ್ರಯೋಗಾಲಯ ವರದಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತದೆ. ನಾವು ಅದನ್ನು ಕುಟುಂಬದ ಗುಂಪಿಗೆ ಹಾಕಿ ಸಲಹೆ ಕೇಳುತ್ತೇವೆ. ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ಬಂದವರ ಹೆಸರು, ಭಾವಚಿತ್ರ, ಯಾರ ಮನೆಗೆ, ಎಷ್ಟು ಹೊತ್ತಿಗೆ ಎಂಬುದೆಲ್ಲ ಕಾವಲುಗಾರನ ಮೊಬೈಲ್‌ನಲ್ಲಿ ದಾಖಲಾಗುತ್ತದೆ. ನಮ್ಮ ಮನೆಗೆ ಬರುವ ಕೆಲಸದಾಕೆ, ನೆಂಟರು, ಔಷಧ ತರುವವನು, ಇವರ ಆರು ತಿಂಗಳ ದಾಖಲೆಯನ್ನು ಜೋಡಿಸಿದರೆ ನಮ್ಮ ಸಂಸಾರದ ದಿನಚರಿಯೇ ಸಿದ್ಧವಾಗುತ್ತದೆ. ಭದ್ರತೆಗಾಗಿ ಇದು ಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ದಾಖಲೆ ಎಷ್ಟು ಕಾಲ ಉಳಿಯುತ್ತದೆ, ಯಾರು ನೋಡಬಹುದು ಎಂದು ಯಾವ ಸೊಸೈಟಿಯ ವಾರ್ಷಿಕ ಮಹಾಸಭೆಯಲ್ಲಾದರೂ ಪ್ರಶ್ನೆ ಎದ್ದುದನ್ನು ಕೇಳಿದ್ದೀರಾ?

ಆಧಾರ್‌ನ ಜೆರಾಕ್ಸ್ ಪ್ರತಿಯ ಕತೆಯೂ ಇದೇ. ಲಾಡ್ಜಿನ ಕೌಂಟರಿನಿಂದ ಮದುವೆ ಹಾಲ್‌ನ ಕಚೇರಿಯ ತನಕ ನಾವು ಅದನ್ನು ಹಂಚಿದ್ದೇವೆ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ, ಹೀಗೆ ಪ್ರತಿಗಳನ್ನು ಕೊಡಬೇಡಿ, ಕೊನೆಯ ನಾಲ್ಕು ಅಂಕೆಗಳು ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಬಳಸಿರಿ ಎಂದು ಪ್ರಕಟಣೆ ಹೊರಡಿಸಿತು. ಜನರು ಗಾಬರಿಗೊಂಡರೆಂದು ಎರಡೇ ದಿನಗಳಲ್ಲಿ ಕೇಂದ್ರ ಸರಕಾರ ಅದನ್ನು ಹಿಂತೆಗೆದುಕೊಂಡು, ಸಾಮಾನ್ಯ ಎಚ್ಚರಿಕೆ ಸಾಕು ಎಂದಿತು. ಸಲಹೆ ತಪ್ಪಾಗಿರಲಿಲ್ಲ, ಮಾಸ್ಕ್ಡ್ ಆಧಾರ್ ಇಂದಿಗೂ ಲಭ್ಯವಿದೆ. ಅದನ್ನು ಕೇಳಿ ಪಡೆಯುವ ಅಭ್ಯಾಸ ನಮಗಾಗಿಲ್ಲ, ಅಷ್ಟೇ.

ಇಲ್ಲಿರುವ ತತ್ತ್ವ ಸರಳವಾದುದು. ಒಂದೊಂದೇ ವಿವರವನ್ನು ಬಿಡಿಯಾಗಿ ನೋಡಿದರೆ ನಿರುಪದ್ರವಿ. ಅಂಗಡಿಯವನಿಗೆ ನಮ್ಮ ಸಂಖ್ಯೆ ಗೊತ್ತು, ಪ್ರಯೋಗಾಲಯಕ್ಕೆ ಕಾಯಿಲೆ ಗೊತ್ತು, ಕೊರಿಯರ್‌ನವನಿಗೆ ವಿಳಾಸ ಗೊತ್ತು, ಫೇಸ್‌ಬುಕ್‌ಗೆ ಮಗಳು ಎಲ್ಲಿದ್ದಾಳೆಂಬುದು ಗೊತ್ತು. ಪ್ರತಿಯೊಬ್ಬರಿಗೂ ಒಂದೊಂದು ಮಣಿ ಕೊಟ್ಟಿದ್ದೇವೆ. ಮೊಬೈಲ್ ಸಂಖ್ಯೆಯೆಂಬ ದಾರ ಎಲ್ಲ ಮಣಿಗಳಲ್ಲೂ ಹಾದುಹೋಗುತ್ತದೆ. ಆ ದಾರವನ್ನು ಹಿಡಿದೆಳೆದವನಿಗೆ ಇಡೀ ಸರ ಸಿಗುತ್ತದೆ. ನನ್ನ ಪರಿಚಿತರಿಗೆ ಆದುದೂ ಇದೇ ಇರಬೇಕು.

"ನಮ್ಮಲ್ಲಿ ಬಚ್ಚಿಡುವಂಥದ್ದೇನಿದೆ?"

ಈ ಮಾತನ್ನು ಸಜ್ಜನರೇ ಹೆಚ್ಚಾಗಿ ಆಡುತ್ತಾರೆ. ತಪ್ಪು ಮಾಡದವನಿಗೆ ಭಯವೇಕೆ ಎಂಬುದು ಅವರ ತರ್ಕ. ಆದರೆ ನಾವು ಸ್ನಾನದ ಮನೆಯ ಬಾಗಿಲು ಹಾಕಿಕೊಳ್ಳುವುದು ತಪ್ಪು ಮಾಡಲಿಕ್ಕಾಗಿ ಅಲ್ಲ. ಮಗಳ ಗರ್ಭಪಾತ, ಮಗನ ಸಾಲ, ಅಣ್ಣತಮ್ಮಂದಿರ ಆಸ್ತಿ ವ್ಯಾಜ್ಯ, ಮನೆಯ ಹಿರಿಯರೊಬ್ಬರ ಮನೋರೋಗ, ಇವು ಯಾವುವೂ ಅಪರಾಧಗಳಲ್ಲ. ಆದರೂ ಇವು ಯಾರಿಗೆ, ಯಾವಾಗ, ಎಷ್ಟು ತಿಳಿಯಬೇಕೆಂಬುದನ್ನು ನಿರ್ಧರಿಸುವ ಅಧಿಕಾರ ಆ ಮನೆಯವರದು. ಆ ಅಧಿಕಾರವನ್ನೇ ಹಿಂದಿನವರು ಮರ್ಯಾದೆ ಎಂದು ಕರೆದರು. ಇಂದಿನ ನ್ಯಾಯಾಲಯ ಘನತೆ ಎಂದು ಕರೆಯುತ್ತದೆ.

ಈ ವಿಷಯದಲ್ಲಿ ಹೆಣ್ಣುಮಕ್ಕಳು ತೆರುವ ಬೆಲೆ ಹೆಚ್ಚು. ವಿವಾಹದ ಪ್ರಸ್ತಾಪಕ್ಕಾಗಿ ತಯಾರಿಸಿದ ಮಗಳ ಭಾವಚಿತ್ರ, ಎತ್ತರ, ಸಂಬಳ, ಜನ್ಮಕುಂಡಲಿ, ಮೊಬೈಲ್ ಸಂಖ್ಯೆಗಳಿರುವ ಪುಟವನ್ನು ನಾವು ಸಮಾಜದ ಹತ್ತಾರು ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳುಹಿಸುತ್ತೇವೆ. ಮದುವೆಯಾಗಿ ಎರಡು ಮಕ್ಕಳಾದ ಬಳಿಕವೂ ಆ ಪುಟ ಎಲ್ಲೋ ಸುತ್ತುತ್ತಲೇ ಇರುತ್ತದೆ. ಹಿಂದೆ ಜಾತಕವನ್ನು ಒಪ್ಪಿಗೆಯಾಗದಿದ್ದರೆ ಮರ್ಯಾದೆಯಿಂದ ಹಿಂದಿರುಗಿಸುವ ಪದ್ಧತಿಯಿತ್ತು. ಇಂದು ಹಿಂದಿರುಗಿಸಲು ಸಾಧ್ಯವೇ ಇಲ್ಲ. 2017ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ತಂದೆಯೊಬ್ಬರು, ಮುಗಿದುಹೋದ ವೈವಾಹಿಕ ಮೊಕದ್ದಮೆಯ ಆದೇಶದಲ್ಲಿರುವ ಮಗಳ ಹೆಸರು ಅಂತರ್ಜಾಲದಲ್ಲಿ ಹುಡುಕಿದವರಿಗೆಲ್ಲ ಸಿಗುತ್ತಿದೆ, ಅದನ್ನು ಮರೆಮಾಡಬೇಕು ಎಂದು ಬೇಡಿಕೊಂಡರು. ನ್ಯಾಯಾಲಯ ಅದನ್ನು ಮನ್ನಿಸಿತು. ಮರೆಯಲ್ಪಡುವ ಹಕ್ಕನ್ನು ನಮ್ಮ ದೇಶದಲ್ಲಿ ಗುರುತಿಸಿದ ಆರಂಭದ ಆದೇಶಗಳಲ್ಲಿ ಅದೂ ಒಂದು. ಚಾಳು ತಾನಾಗಿಯೇ ಕೊಡುತ್ತಿದ್ದ ಮರೆವನ್ನು ಇಂದು ನ್ಯಾಯಾಲಯಕ್ಕೆ ಹೋಗಿ ಬೇಡಬೇಕಾಗಿದೆ.

ಸಂಘ ಸಂಸ್ಥೆಗಳ ಹೊಣೆ

ಕೊನೆಯಲ್ಲಿ ನಮ್ಮದೇ ಅಂಗಳದ ಮಾತು. ಹೊರನಾಡಿನಲ್ಲಿ ಕನ್ನಡ ಸಂಘಗಳೂ ಸಮುದಾಯ ಸಂಸ್ಥೆಗಳೂ ದಶಕಗಳಿಂದ ಸದಸ್ಯರ ವಿಳಾಸ ಪುಸ್ತಿಕೆಯನ್ನು ಪ್ರಕಟಿಸುತ್ತ ಬಂದಿವೆ. ಸದಸ್ಯರ ಹೆಸರು, ಮೂಲ ಊರು, ಉದ್ಯೋಗ, ಮನೆಯ ವಿಳಾಸ, ದೂರವಾಣಿ, ರಕ್ತದ ಗುಂಪು, ಮಕ್ಕಳ ಹೆಸರು, ಹುಟ್ಟಿದ ದಿನಾಂಕ ಎಲ್ಲವೂ ಅದರಲ್ಲಿರುತ್ತವೆ. ಪರವೂರಿಗೆ ಬಂದು ಒಬ್ಬಂಟಿಗರಾದವರಿಗೆ ಆ ಪುಸ್ತಿಕೆ ಬಂಧುಬಳಗದಂತಿತ್ತು. ನಡುರಾತ್ರಿ ರಕ್ತ ಬೇಕಾದಾಗ ಅದನ್ನು ಬಿಡಿಸಿ ನೋಡಿದವರು ನಮ್ಮಲ್ಲಿದ್ದಾರೆ. ಅದರ ಉಪಕಾರವನ್ನು ಮರೆಯುವಂತಿಲ್ಲ.

ಆದರೆ ಅಂದು ಅದು ಐನೂರು ಮನೆಗಳ ಕಪಾಟಿನಲ್ಲಿದ್ದ ಮುದ್ರಿತ ಪುಸ್ತಕ. ಇಂದು ಅದೇ ಪಿಡಿಎಫ್ ರೂಪ ತಾಳಿ ಒಂದು ಬೆರಳೊತ್ತಿನಲ್ಲಿ ಎಲ್ಲಿಗೂ ಹೋಗಬಲ್ಲದು. ವೃದ್ಧ ದಂಪತಿಗಳ ವಿಳಾಸ, ವಿದೇಶದಲ್ಲಿರುವ ಮಕ್ಕಳ ವಿವರ, ನಿವೃತ್ತರ ಹಿಂದಿನ ಹುದ್ದೆ ಇವೆಲ್ಲ ಒಂದೇ ಕಡೆ ಸಿಗುವ ಪಟ್ಟಿ ವಂಚಕನಿಗೆ ನಿಧಿಯಿದ್ದಂತೆ. ಹೊಸ ಕಾಯಿದೆ ದೊಡ್ಡ ಕಂಪೆನಿಗಳಿಗಷ್ಟೇ ಸಂಬಂಧಿಸಿದುದಲ್ಲ. ಗಣಕದಲ್ಲಿ ಸದಸ್ಯರ ಪಟ್ಟಿ ಇಟ್ಟುಕೊಳ್ಳುವ ಸಂಘಗಳೂ ಅದರ ವ್ಯಾಪ್ತಿಗೆ ಬರುತ್ತವೆ ಎಂಬುದನ್ನು ನಮ್ಮ ಪದಾಧಿಕಾರಿಗಳು ಗಮನಿಸಬೇಕು.

ಪುಸ್ತಿಕೆಯನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಪ್ರತಿಯೊಬ್ಬ ಸದಸ್ಯರನ್ನೂ ಕೇಳಿ, ಅವರು ಒಪ್ಪಿದಷ್ಟನ್ನು ಮಾತ್ರ ಪ್ರಕಟಿಸಲಿ. ಮಕ್ಕಳ ಹುಟ್ಟಿದ ದಿನಾಂಕ, ಮನೆಯ ಸಂಖ್ಯೆ ಬೇಡ. ರಕ್ತದಾನಿಗಳ ಪಟ್ಟಿ ಕಾರ್ಯದರ್ಶಿಗಳ ಬಳಿ ಇರಲಿ. ವಿದ್ಯಾರ್ಥಿವೇತನದ ಅರ್ಜಿಯೊಡನೆ ಪಡೆದ ಆದಾಯ ಪತ್ರ, ಆಧಾರ್ ಪ್ರತಿಗಳನ್ನು ಕೆಲಸ ಮುಗಿದ ಮೇಲೆ ನಾಶಪಡಿಸಲಿ. ಅರ್ಜಿ ಹಾಕಿದ ಬಡ ವಿದ್ಯಾರ್ಥಿಯ ಭಾವಚಿತ್ರವನ್ನು ಚೆಕ್ ಕೊಡುವಾಗ ತೆಗೆದು ಎಲ್ಲೆಡೆ ಹಂಚುವ ಮೊದಲು, ಆ ಹುಡುಗನಿಗೆ ಅದು ಇಷ್ಟವೇ ಎಂದು ಒಮ್ಮೆ ಕೇಳಲಿ. ಇವಕ್ಕೆ ಹಣ ಬೇಡ, ತಂತ್ರಜ್ಞಾನ ಬೇಡ. ಒಂದು ಸಭೆಯ ನಿರ್ಣಯ ಸಾಕು.

ಮನೆಗಳಲ್ಲಿ ಹಿರಿಯರಿಗೆ ಹೇಳಿಕೊಡಬೇಕಾದುದೂ ಇಷ್ಟೇ. ನಿಮ್ಮ ವಿವರ ಸರಿಯಾಗಿ ಹೇಳಿದ ಮಾತ್ರಕ್ಕೆ ಕರೆ ಮಾಡಿದವನು ಅಧಿಕಾರಿಯಲ್ಲ. ಇಂದು ಯಾರೂ ಹೇಳಬಲ್ಲರು. ಯಾರಿಗೂ ತಿಳಿಸಬೇಡಿ ಎಂದು ಹೇಳಿದವನು ಖಂಡಿತ ವಂಚಕ. ಕರೆ ಕಡಿದು ಮಕ್ಕಳಿಗೆ ಹೇಳಿ, ನೆರೆಯವರಿಗೆ ಹೇಳಿ, 1930 ಸಂಖ್ಯೆಗೆ ದೂರು ಕೊಡಿ.

ನನ್ನ ಪರಿಚಿತರು ಈಗ ಮೊಬೈಲ್ ಸಂಖ್ಯೆ ಬದಲಾಯಿಸಿದ್ದಾರೆ. ಅಂಗಡಿಯಲ್ಲಿ ಕೇಳಿದರೆ ಕೊಡುವುದಿಲ್ಲ. ಆದರೆ ಇನ್ನೊಂದು ಬದಲಾವಣೆಯನ್ನೂ ಅವರು ಮಾಡಿಕೊಂಡಿದ್ದಾರೆ. ಮಹಡಿಯ ನಾಲ್ಕೂ ಮನೆಯವರನ್ನು ಒಂದು ಸಂಜೆ ಚಹಾಕ್ಕೆ ಕರೆದು, ತಾವಿಬ್ಬರೇ ಇರುವುದಾಗಿಯೂ ಬೆಳಿಗ್ಗೆ ಬಾಗಿಲಿನ ಹಾಲಿನ ಚೀಲ ಹಾಗೆಯೇ ಇದ್ದರೆ ಗಂಟೆ ಒತ್ತಬೇಕೆಂದೂ ಕೇಳಿಕೊಂಡಿದ್ದಾರೆ. ಪಕ್ಕದ ಮನೆಯಾಕೆಯ ಬಳಿ ಈಗ ಅವರ ಮನೆಯ ಒಂದು ಕೀಲಿಕೈಯೂ ಇದೆ.